ಗಾಡಿ ನಿಂತಿತು, ಇಲಿ ಬಂತು

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೊರಬ, ಶಿಕಾರಿಪುರದ ಕಡೆ ಎಷ್ಟೋ ಗಾಡಿಗಳು ಮೂಲೆ ಸೇರುತ್ತವೆ. ಮದುವೆ ದಿಬ್ಬಣಕ್ಕೆ ಬಾಡಿಗೆ ಹೋಗುತ್ತಿದ್ದ ಟೆಂಪೋ, ತಿರುಗಾಟ ಮುಗಿಸಿದ ಯಕ್ಷಗಾನ ಮೇಳದ ಲಾರಿ, ಯಾರದೋ ಮನೆಯ ಹಳೇ ಓಮ್ನಿ, ಎಲ್ಲವೂ ಕೊಟ್ಟಿಗೆ ಪಕ್ಕದ ಮಾಡಿನಡಿ ತಾಡಪಾಲು ಹೊದ್ದುಕೊಂಡು ನಿಲ್ಲುತ್ತವೆ. ಹದಿನೈದು ದಿನ ಬಿಟ್ಟು ಕೀಲಿ ತಿರುಗಿಸಿದರೆ ಗಾಡಿ ಉಸಿರೆತ್ತುವುದಿಲ್ಲ. ಎತ್ತಿದರೂ ಎಡಗಡೆಯ ದೀಪ ಹೊತ್ತುವುದಿಲ್ಲ. ಫ್ಯಾನ್ ಹಾಕಿದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ಒಂದೇ ಮಾತು ಹೇಳುತ್ತಾನೆ: "ಇಲಿ."

ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ಊರೂರು ತಿರುಗುವ ಮನೆಗಾಡಿಗಳನ್ನು ನೀವು ಸಿನಿಮಾದಲ್ಲಿ ನೋಡಿರಬಹುದು. ಅವಕ್ಕೆ ಕ್ಯಾರವಾನ್ ಎನ್ನುತ್ತಾರೆ. ಅಮೆರಿಕ, ಯುರೋಪಿನಲ್ಲಿ ಬೇಸಿಗೆಯೆಲ್ಲ ಅದರಲ್ಲಿ ಸುತ್ತಾಡಿ, ಚಳಿಗಾಲಕ್ಕೆ ಒಂದು ಕಡೆ ನಿಲ್ಲಿಸುತ್ತಾರೆ. ವಸಂತದಲ್ಲಿ ಬಾಗಿಲು ತೆಗೆದರೆ ಅಲ್ಲೂ ಇದೇ ಗೋಳು. ನಮ್ಮದು ಮಳೆ, ಅವರದು ಹಿಮ, ಅಷ್ಟೇ.

ಇಲಿಗೆ ನಮ್ಮ ಗಾಡಿಯ ಮೇಲೆ ಹಗೆ ಇಲ್ಲ. ಅದರ ಕಣ್ಣಿನಿಂದ ಒಮ್ಮೆ ನೋಡಿ. ಹೊರಗೆ ಬಿಲಕ್ಕೆ ನೀರು ನುಗ್ಗಿದೆ. ಗದ್ದೆ ಕೆಸರಾಗಿದೆ. ಗೂಬೆ, ಹಾವು, ಬೆಕ್ಕು ಎಲ್ಲರ ಕಾಟ. ಇಲ್ಲೊಂದು ದೊಡ್ಡ ಪೊಟರೆ ನಿಂತಿದೆ: ನೆಲದಿಂದ ಮೇಲಕ್ಕಿದೆ, ಒದ್ದೆಯಾಗುವುದಿಲ್ಲ, ಒಳಗೆ ಬೆಳಕಿಲ್ಲ, ಬೆಕ್ಕಿನ ಮೈ ತೂರುವುದಿಲ್ಲ. ಸೀಟಿನಲ್ಲಿ ಸ್ಪಂಜು, ಕಾಲಡಿಯಲ್ಲಿ ಚಾಪೆ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕಾಗದ. ಗೂಡಿಗೆ ಬೇಕಾದದ್ದೆಲ್ಲ ತಯಾರಿದೆ. ಹಿಂದಿನ ಸೀಟಿನ ಸಂದಿಯಲ್ಲಿ ನೀವು ಚೆಲ್ಲಿದ ಮಂಡಕ್ಕಿ, ಶೇಂಗಾ ಬೇರೆ. ಮನೆಯಲ್ಲಿರುವ ಪುಟ್ಟ ಇಲಿಗೆ ದಿನಕ್ಕೆ 3 ಗ್ರಾಂ ತಿಂಡಿ ಸಿಕ್ಕರೆ ಸಾಕು. ಕಾಳಿನಲ್ಲಿರುವ ಪಸೆಯಿಂದಲೇ ಅದು ಬಹಳ ದಿನ ನೀರಿಲ್ಲದೆ ಕಳೆದೀತು. ಸುಮಾರು 20 ದಿನಕ್ಕೆ ಐದಾರು ಮರಿ ಹಾಕುತ್ತದೆ. ಆ ಮರಿಗಳು ಆರೇಳು ವಾರಕ್ಕೆ ತಾವೂ ಮರಿ ಹಾಕುವಷ್ಟು ಬೆಳೆಯುತ್ತವೆ. ಜೂನ್‌ನಲ್ಲಿ ಒಂದು ಜೋಡಿ ಹೊಕ್ಕಿದ್ದರೆ ದಸರೆಯ ಹೊತ್ತಿಗೆ ಏನಾಗಿರುತ್ತದೆ ಎಂಬ ಲೆಕ್ಕ ನಿಮಗೇ ಬಿಟ್ಟದ್ದು.

ಸರಿ, ವೈರು ಏಕೆ ಕಡಿಯಬೇಕು? ಅದೇನು ತಿನ್ನುವ ವಸ್ತುವೇ?

ಇಲಿಯ ಬಾಯಿ ನೋಡಬೇಕು. ಮುಂದೆ ಮೇಲೆರಡು, ಕೆಳಗೆರಡು ಬಾಚಿಹಲ್ಲು. ನಮ್ಮ ಹಲ್ಲು ಒಮ್ಮೆ ಬೆಳೆದು ನಿಂತುಬಿಡುತ್ತದೆ. ಇಲಿಯ ಬಾಚಿಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ. ದೊಡ್ಡ ಇಲಿಯಲ್ಲಿ ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು. ಕಡಿಯುತ್ತ, ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಿಕ್ಕುತ್ತ ಸವೆಯುವುದರಿಂದ ಅಳತೆಯಲ್ಲಿ ಉಳಿಯುತ್ತದೆ. ಆ ಹಲ್ಲಿನ ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮಲ್ ಇದೆ, ಹಿಂಭಾಗ ಮೆತ್ತಗೆ. ಮೆತ್ತನೆಯದು ಬೇಗ ಸವೆದು, ಗಟ್ಟಿಯದು ಅಂಚಾಗಿ ನಿಲ್ಲುತ್ತದೆ. ಬಡಗಿಯ ಉಳಿಯಂತೆ ಒಂದೇ ಕಡೆ ಇಳಿಜಾರಾದ ಬಾಯಿ, ಆದರೆ ಸಾಣೆ ಹಿಡಿಯುವ ಕೆಲಸವೇ ಇಲ್ಲ. ಆ ಎನಾಮಲ್‌ನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಹಲ್ಲು ಹಳದಿ-ಕೇಸರಿ ಬಣ್ಣಕ್ಕಿರುತ್ತದೆ. ಹಲ್ಲುಜ್ಜದೆ ಹಾಗಾದದ್ದಲ್ಲ!

ಇನ್ನೊಂದು ಚಮತ್ಕಾರ ಇದೆ. ಬಾಚಿಹಲ್ಲಿಗೂ ದವಡೆ ಹಲ್ಲಿಗೂ ನಡುವೆ ದೊಡ್ಡ ಖಾಲಿ ಜಾಗ. ಇಲಿ ಕಡಿಯುವಾಗ ತುಟಿಯ ಒಳಮಡಿಕೆಗಳನ್ನು ಆ ಜಾಗಕ್ಕೆ ಎಳೆದುಕೊಂಡು ಬಾಯಿ ಮುಚ್ಚಿಬಿಡುತ್ತದೆ. ಹಲ್ಲು ಹೊರಗೆ, ಬಾಯಿ ಒಳಗೆ. ಕಡಿದ ಚೂರು ನಾಲಿಗೆಗೆ ತಾಗುವುದೇ ಇಲ್ಲ. ಹಾಗಾಗಿ ವೈರಿನ ಪ್ಲಾಸ್ಟಿಕ್, ಪೈಪಿನ ರಬ್ಬರ್, ಮರದ ಹಲಗೆ, ಯಾವುದಾದರೂ ಸೈ. ದಾರಿ ಬೇಕಾದರೆ ಕಡಿಯುತ್ತದೆ, ಗೂಡಿಗೆ ನಾರು ಬೇಕಾದರೆ ಕಡಿಯುತ್ತದೆ, ಇದೇನೆಂದು ನೋಡುವುದಕ್ಕೂ ಕಡಿಯುತ್ತದೆ. ಮೆಕ್ಕೆಜೋಳದ ಕಾಳು, ಅಡಿಕೆ ಸಿಪ್ಪೆಯ ನಾರು, ಯಾವುದೋ ಬಿಲ್ಲಿನ ಚೂರು, ಹರಿದ ಸ್ಪಂಜು ಎಲ್ಲ ಒಟ್ಟಾಗಿ ಗಾಳಿ ಸೋಸುವ ಫಿಲ್ಟರಿನ ಮೇಲೆ ಮೆತ್ತನೆ ಉಂಡೆಯಾಗಿ ಕೂತಿರುತ್ತವೆ. ಫ್ಯಾನ್ ಹಾಕಿದಾಗ ಬರುವ ವಾಸನೆಯ ತವರು ಅದು.

ಒಳಗೆ ಬಂದದ್ದಾದರೂ ಹೇಗೆ? ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಅದು ತೂರುವ ಸಂದಿಯಲ್ಲಿ, ಅಂದರೆ 6-7 ಮಿಲಿಮೀಟರಿನ ತೂತಿನಲ್ಲಿ, ಪುಟ್ಟ ಇಲಿ ತೂರಬಲ್ಲದು. ತಲೆ ಹೋದರೆ ಮೈ ಹೋದಂತೆಯೇ. ಪೆಡಲಿನ ಕೇಬಲ್ ಹಾಯುವ ರಂಧ್ರ, ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಬರುವ ಕಿಂಡಿ, ನೀರಿಳಿಯುವ ತೂತು, ಕ್ಯಾರವಾನ್ ಆದರೆ ಸಿಂಕಿನ ಪೈಪು ನೆಲ ತೂರುವ ಜಾಗ. ಅಲ್ಲಿಗೆ ಹತ್ತಲು ಟೈರು ಮೆಟ್ಟಿಲು.

ಯಾವ ಕಡೆಯಿಂದ ಬರುತ್ತದೆ ಎಂದು ಕಂಡುಹಿಡಿಯುವ ಕೆಲಸ ನಿಮ್ಮದು. ಸಂಜೆ ಟೈರಿನ ಸುತ್ತ ನೆಲದ ಮೇಲೆ, ಒಳಗೆ ಕಾಲಿಡುವ ಜಾಗದಲ್ಲಿ, ತೆಳುವಾಗಿ ರಂಗೋಲಿ ಪುಡಿ ಉದುರಿಸಿ. ಅಕ್ಕಿಹಿಟ್ಟಿನ ರಂಗೋಲಿ ಬೇಡ, ಅದನ್ನು ಅವು ನೆಕ್ಕಿಬಿಡುತ್ತವೆ, ಕಲ್ಲುಪುಡಿಯದೇ ಆಗಬೇಕು. ಬೆಳಿಗ್ಗೆ ಟಾರ್ಚನ್ನು ನೆಲಮಟ್ಟಕ್ಕೆ ಹಿಡಿದು ಓರೆ ಬೆಳಕಿನಲ್ಲಿ ನೋಡಿ. ಮುಂಗಾಲಿನ ಗುರುತಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ನಡುವೆ ಬಾಲ ಎಳೆದ ಗೀರು ಇರಬಹುದು. ಹೆಜ್ಜೆಗಳು ಅಂಗಳದ ನಡುವೆ ಇರುವುದಿಲ್ಲ, ಗೋಡೆಯಂಚಿಗೇ ಇರುತ್ತವೆ. ಇಲಿಗೆ ಕಣ್ಣು ಅಷ್ಟಕ್ಕಷ್ಟೆ; ಮೀಸೆ ಗೋಡೆಗೆ ತಾಗಿದ್ದರೇ ಅದಕ್ಕೆ ಧೈರ್ಯ. ಹಿಕ್ಕೆ 3ರಿಂದ 6 ಮಿಲಿಮೀಟರ್ ಇದ್ದರೆ ಪುಟ್ಟ ಇಲಿ, ಒಂದು ಸೆಂಟಿಮೀಟರಿಗೂ ಉದ್ದವಿದ್ದರೆ ದೊಡ್ಡದು. ನೋಡುವುದು, ಬರೆದುಕೊಳ್ಳುವುದು ನಿಮಗೆ, ಮುಟ್ಟುವುದು ಬೇಡ.

ಮುಟ್ಟಬೇಡಿ ಎಂದು ಎಲ್ಲ ಊರಿನವರೂ ಹೇಳುತ್ತಾರೆ. ಕ್ಯಾಸನೂರಿನವರು ಹೇಳಿದರೆ ಅದಕ್ಕೆ ತೂಕ ಹೆಚ್ಚು.

ಸೊರಬ ತಾಲೂಕಿನ ಈ ಊರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು. ಕಾಡಿಗೆ ಸೌದೆ, ಸೊಪ್ಪಿಗೆ ಹೋದ ಜನರಿಗೆ ಜೋರು ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಇಲ್ಲಿಗೂ ಬಂತೇ ಎಂದು ವಿಜ್ಞಾನಿಗಳು ಗಾಬರಿಯಾದರು, ಏಕೆಂದರೆ ಅದರಲ್ಲೂ ಮಂಗಗಳು ಸಾಯುತ್ತವೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷೆ ಮಾಡಿದರು. ಸಿಕ್ಕಿದ್ದು ಅದುವರೆಗೆ ಯಾರೂ ಕಾಣದ ವೈರಸ್. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಕಾಯಿಲೆಗೆ ಪುಸ್ತಕದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಾಯಿತು, ಜನರ ಬಾಯಲ್ಲಿ ಮಂಗನ ಕಾಯಿಲೆ.

ಮಂಗಕ್ಕೆ ಈ ಹೆಸರು ಅಂಟಿಸಿದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅದೂ ನಮ್ಮ ಹಾಗೆ ಕಾಯಿಲೆಗೆ ಸಿಕ್ಕ ಪ್ರಾಣಿ. ಉಣುಗು ಮೊಟ್ಟೆಯೊಡೆದು ಬಂದಾಗ ಅದಕ್ಕೆ ಆರೇ ಕಾಲು, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ನೆಲದ ತರಗೆಲೆಯ ನಡುವೆ ಅದಕ್ಕೆ ಮೊದಲು ಸಿಗುವುದು ಮರದ ಮೇಲಿನ ಮಂಗವಲ್ಲ. ಕಾಡಿಲಿ, ಮೂಗಿಲಿ, ಅಳಿಲಿನಂಥ ಪುಟ್ಟ ಪ್ರಾಣಿಗಳು. ಅವುಗಳ ರಕ್ತ ಕುಡಿದು, ಪೊರೆ ಕಳಚಿ, ಎಂಟು ಕಾಲಿನದಾಗಿ, ಮತ್ತೆ ಇನ್ನೊಂದು ಪ್ರಾಣಿಗೆ ಕಾಯುತ್ತದೆ. ಆ ಹೊತ್ತಿಗೆ ಮಂಗವೋ ಮನುಷ್ಯನೋ ಹಾದರೆ ಹತ್ತಿತು. ಕಾಡಿಲಿ, ಮೂಗಿಲಿಗಳಲ್ಲೂ ಇದೇ ವೈರಸ್ ಸಿಕ್ಕಿದೆ. ಅವು ಮಂಗಗಳಂತೆ ಎದ್ದು ಕಾಣುವ ಹಾಗೆ ಸತ್ತು ಬೀಳಲಿಲ್ಲ, ಹಾಗಾಗಿ ಅವುಗಳ ಹೆಸರು ಬರಲೂ ಇಲ್ಲ.

ಹಾಗೆಂದು ನಿಮ್ಮ ಮನೆಯ ಓಮ್ನಿಯಲ್ಲಿ ಕಂಡ ಇಲಿಯಿಂದ ಮಂಗನ ಕಾಯಿಲೆ ಬಂದೇಬಿಡುತ್ತದೆ ಎಂದು ಹೆದರಬೇಡಿ. ಅದು ಕಾಡಿನ ಉಣುಗಿನ ಕಾಯಿಲೆ. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಮೈಗೆ ಹಚ್ಚಲು ಎಣ್ಣೆ ಕೊಡುವುದು ಅದಕ್ಕೇ. ಗಾಡಿಯ ಇಲಿಯಿಂದ ನಾವು ಹುಷಾರಾಗಿರಬೇಕಾದದ್ದು ಇಲಿ ಜ್ವರಕ್ಕೆ. ಸುರುಳಿ ಸುರುಳಿಯಾದ ಒಂದು ಬ್ಯಾಕ್ಟೀರಿಯಾ ಇಲಿಯ ಮೂತ್ರದಲ್ಲಿ ಹೊರಬಂದು, ಒದ್ದೆ ಜಾಗದಲ್ಲಿ ವಾರಗಟ್ಟಲೆ ಬದುಕಿ, ನಮ್ಮ ಕಾಲಿನ ಗಾಯದಿಂದಲೋ ಕಣ್ಣಿನಿಂದಲೋ ಒಳಸೇರುತ್ತದೆ. ಮಳೆಗಾಲದಲ್ಲಿ ಅದರದ್ದೇ ಹಬ್ಬ.

ಅಮೆರಿಕದಲ್ಲಿ ಇನ್ನೊಂದು ಇದೆ, ಹಂಟಾ ವೈರಸ್. ಇಲಿಯ ಒಣಗಿದ ಹಿಕ್ಕೆ, ಮೂತ್ರ ಧೂಳಾಗಿ ಎದ್ದು ಉಸಿರಿನಲ್ಲಿ ಹೋಗುತ್ತದೆ. 2012ರಲ್ಲಿ ಅಲ್ಲಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋದವರಲ್ಲಿ 10 ಜನಕ್ಕೆ ಅದು ತಗುಲಿ ಮೂವರು ತೀರಿಕೊಂಡರು. ಹೆಚ್ಚಿನವರು ಮಲಗಿದ್ದು ಎರಡು ಪದರದ ಗೋಡೆಯ ಡೇರೆಮನೆಗಳಲ್ಲಿ. ಚಳಿ ತಡೆಯಲು ಇಟ್ಟಿದ್ದ ಆ ಪದರದ ಸಂದಿಯಲ್ಲಿ ಇಲಿಗಳು ಗೂಡು ಕಟ್ಟಿದ್ದವು. ಗಾಡಿಯ ಬಾಗಿಲಿನ ಒಳಗೋಡೆ, ಕ್ಯಾರವಾನಿನ ಚಾವಣಿ, ಎಲ್ಲವೂ ಅಂಥ ಎರಡು ಪದರದವೇ.

ಆದ್ದರಿಂದ ಇಲಿಗೂಡು ಕಂಡರೆ ಪೊರಕೆ ಎತ್ತಬಾರದು. ಮೊದಲು ಎಲ್ಲ ಬಾಗಿಲು ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಟ್ಟು ದೂರ ನಿಲ್ಲಬೇಕು. ಆಮೇಲೆ ದೊಡ್ಡವರು ಕೈಗವಸು, ಮಾಸ್ಕ್ ಹಾಕಿಕೊಂಡು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ, ಗೂಡು ಚೆನ್ನಾಗಿ ನೆನೆಯುವಂತೆ ಸಿಂಪಡಿಸಬೇಕು. ಐದು ನಿಮಿಷ ಬಿಟ್ಟು ಕಾಗದದಲ್ಲಿ ಬಾಚಿ ತೆಗೆಯುವುದು, ಕವರಿಗೆ ಹಾಕಿ ಬಾಯಿ ಕಟ್ಟುವುದು. ಒಣಗಿದ್ದನ್ನು ಗುಡಿಸಿದರೆ ಧೂಳು, ನೆನೆಸಿ ಒರೆಸಿದರೆ ಧೂಳಿಲ್ಲ, ಗುಟ್ಟು ಇಷ್ಟೇ.

ಇನ್ನು ಓಡಿಸುವ ಬಗೆ. ಎಂಜಿನ್ನಿನ ಹತ್ತಿರ ಹೊಗೆಸೊಪ್ಪಿನ ಕಟ್ಟು ನೇತುಹಾಕುತ್ತಾರೆ, ಸೀಟಿನಡಿ ನುಸಿಗುಳಿಗೆ ಇಡುತ್ತಾರೆ. ಒಂದೆರಡು ದಿನ ಇಲಿ ಮೂಗು ಮುರಿಯಬಹುದು. ವಾಸನೆ ಆರಿತೋ, ಅದರ ಪಕ್ಕದಲ್ಲೇ ಮರಿ ಹಾಕುತ್ತದೆ. ನುಸಿಗುಳಿಗೆಯ ಹಬೆ ಮುಚ್ಚಿದ ಗಾಡಿಯಲ್ಲಿ ನಮಗೂ ಒಳ್ಳೆಯದಲ್ಲ. ನಮಗೆ ಕೇಳಿಸದ ಸದ್ದು ಮಾಡಿ ಇಲಿ ಓಡಿಸುವ ಯಂತ್ರ ಎಂದು ಮಾರುತ್ತಾರಲ್ಲ, ಅದಕ್ಕೆ ದುಡ್ಡು ಹಾಕಬೇಡಿ ಎಂದು ಮನೆಯಲ್ಲಿ ಹೇಳಿ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು ಕೇಳಿದರೆ ಇಲಿಯದು 80,000 ದಾಟುತ್ತದೆ, ಅದು ನಿಜ. ಮರಿಗಳು ಅಮ್ಮನನ್ನು ಕರೆಯುವುದು, ಗಂಡಿಲಿ ಹೆಣ್ಣಿಗೆ ಹಾಡುವುದು ಎಲ್ಲ ಆ ಎತ್ತರದ ದನಿಯಲ್ಲೇ. ಆದರೆ ಅಂಥ ಸದ್ದು ಸೀಟು, ತಗಡು ದಾಟಿ ಹೋಗುವುದಿಲ್ಲ. ಅದಕ್ಕೆ ಇಲಿ ಬೇಗ ಒಗ್ಗಿಕೊಳ್ಳುತ್ತದೆ ಕೂಡ.

ವಿಷದ ಮಾತು ಬಂದರೆ ನಾನು ಬೇಡ ಎನ್ನುವವನು. ಟೂತ್‌ಪೇಸ್ಟಿನಂಥ ಇಲಿಪಾಷಾಣದ ಟ್ಯೂಬು ಮಕ್ಕಳಿರುವ ಮನೆಯಲ್ಲಿ ಇರಲೇಬಾರದು. ಅದರಲ್ಲಿರುವ ಹಳದಿ ರಂಜಕಕ್ಕೆ ಮದ್ದಿಲ್ಲ. ವಿಷ ತಿಂದ ಇಲಿ ಕೈ ಹೋಗದ ಸಂದಿಯಲ್ಲಿ ಸತ್ತರೆ ಆ ಗಾಡಿಯಲ್ಲಿ ತಿಂಗಳು ಕೂರುವ ಹಾಗಿಲ್ಲ. ಹೊರಗೆ ಸತ್ತರೆ ಅದನ್ನು ತಿಂದ ಕಣಜಗೂಬೆಗೂ ವಿಷವೇರುತ್ತದೆ. ರಾತ್ರಿಯೆಲ್ಲ ಪುಕ್ಕಟೆ ಇಲಿ ಹಿಡಿಯುವ ಹಕ್ಕಿಯನ್ನು ಕೊಂದುಕೊಂಡಂತೆ. ಇಲಿಯ ಜಾಡು ಹಿಡಿದು ಕೇರೆಹಾವು ಬಾನೆಟ್ಟಿನೊಳಗೆ ಸೇರುವುದೂ ಮಲೆನಾಡಿನಲ್ಲಿ ಹೊಸದಲ್ಲ. ಹಾಗಾಗಿ ನಿಂತ ಗಾಡಿಯ ಸಂದಿಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಬೇಕು.

ನಂಬಿಕೆಯಿಡಬಹುದಾದದ್ದು ನಮ್ಮ ಹಳೇ ಬೋನು. ಅದನ್ನು ನಡುವೆ ಇಡದೆ, ರಂಗೋಲಿ ಪುಡಿಯಲ್ಲಿ ಹೆಜ್ಜೆ ಕಂಡ ಅಂಚಿಗೇ ಒತ್ತಿ ಇಡಬೇಕು. ಒಣಕೊಬ್ಬರಿಯ ಚೂರು ಸುಟ್ಟು ಕಟ್ಟಿದರೆ ವಾಸನೆ ದೂರ ಹೋಗುತ್ತದೆ. ದೊಡ್ಡ ಇಲಿ ಬಹಳ ಅನುಮಾನದ ಪ್ರಾಣಿ. ತಿಂದದ್ದನ್ನು ವಾಂತಿ ಮಾಡುವ ಶಕ್ತಿ ಅದಕ್ಕಿಲ್ಲ, ಹಾಗಾಗಿ ಹೊಸದೇನನ್ನೂ ಥಟ್ಟನೆ ನುಂಗದು, ಹೊಸ ವಸ್ತುವಿನ ಹತ್ತಿರವೂ ಸುಳಿಯದು. ಅದಕ್ಕಾಗಿ ಮೊದಲ ಎರಡು ಮೂರು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿಟ್ಟು, ಸುಮ್ಮನೆ ತಿಂಡಿ ಕೊಟ್ಟು, ಆಮೇಲೆ ಕಟ್ಟು ಬಿಚ್ಚಬೇಕು. ಪುಟ್ಟ ಇಲಿಗೆ ಇಷ್ಟೆಲ್ಲ ಉಪಚಾರ ಬೇಡ. ಅದು ಕುತೂಹಲದಿಂದ ಮೊದಲ ರಾತ್ರಿಯೇ ಬಂದು ಬೀಳುತ್ತದೆ.

ಪುಡಿಯಲ್ಲಿ ಹೆಜ್ಜೆ ಕಾಣುವುದು ನಿಂತ ಮೇಲೆಯೇ ತೂತು ಮುಚ್ಚುವ ಕೆಲಸ. ಮೊದಲೇ ಮುಚ್ಚಿದರೆ ಒಳಗಿದ್ದದ್ದು ಹೊಸ ದಾರಿ ಕಡಿಯುತ್ತದೆ. ಬಟ್ಟೆ, ಥರ್ಮಾಕೋಲು ತುರುಕಿದರೆ ಅದನ್ನೇ ಗೂಡಿಗೆ ಒಯ್ಯುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಒತ್ತಿ ತುಂಬಬೇಕು. ಗಾಳಿ ಬರುವ, ನೀರಿಳಿಯುವ ಕಿಂಡಿಗೆ ಮಾತ್ರ ನಾರು ಬೇಡ, ಸಣ್ಣ ಕಣ್ಣಿನ ತಂತಿ ಬಲೆ ಬಿಗಿಯಿರಿ. ಗಾಡಿಯನ್ನು ಹುಲ್ಲಿನ ಬಣವೆಯಿಂದ, ಜೋಳದ ಚೀಲದಿಂದ ದೂರ ನಿಲ್ಲಿಸಿ, ಮೂರು ದಿನಕ್ಕೊಮ್ಮೆ ಆನವಟ್ಟಿ ಕಡೆಗಾದರೂ ಒಂದು ಸುತ್ತು ಹೊಡೆದು ಬರಲು ಅಪ್ಪನಿಗೋ ಮಾವನಿಗೋ ಹೇಳಿ. ಹೊರಡುವ ಮೊದಲು ಬಾನೆಟ್ಟಿನ ಮೇಲೆ ನಾಲ್ಕು ಬಾರಿ ತಟ್ಟಲಿ. ಸೀಟಿನ ಸಂದಿಯ ಶೇಂಗಾ ಹೆಕ್ಕುವ ಕೆಲಸ ಯಾರದು ಎಂದು ನಾನು ಹೇಳಬೇಕಾಗಿಲ್ಲ.