ಕಾಯಕದ ಮಿತಿ ಮತ್ತು ಆಲೆಮನೆಯ ಲೆಕ್ಕ



ಕಾಯಕವನ್ನು ಮಾಡಬೇಕೆಂಬದನ್ನು ಎಲ್ಲರೂ ಬಲ್ಲರು. ಎಲ್ಲಿ ನಿಲ್ಲಿಸಬೇಕೆಂಬದನ್ನು ಬಲ್ಲವರು ವಿರಳ. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರಲು, ಲಕ್ಕಮ್ಮನು ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಕಳುಹಿದಳು. ಆ ಮಹಾತಾಯಿಯು ಕಾಯಕವನ್ನು ಪ್ರಶ್ನಿಸಲಿಲ್ಲ. ಕಡೆಯ ಹಿಡಿಯನ್ನು ಪ್ರಶ್ನಿಸಿದಳು. ವ್ಯವಹಾರದ ವಿವೇಕವೂ ಆ ಕಡೆಯ ಹಿಡಿಯ ವಿಚಾರದಲ್ಲಿಯೇ ಅಡಗಿರುವದು.

ಆಲೆಮನೆಯನ್ನು ನೋಡಿರಿ. ಗಾಣ, ಕೊಪ್ಪರಿಗೆ, ಚಪ್ಪರಗಳ ಬಾಡಿಗೆಯು ಬೆಲ್ಲವು ಬೆಂದರೂ ಬೇಯದಿದ್ದರೂ ತಪ್ಪದು. ಕಬ್ಬು, ಕೂಲಿ, ಉರುವಲುಗಳ ವೆಚ್ಚವಾದರೋ ಒಂದೊಂದು ಕೊಪ್ಪರಿಗೆಯೊಡನೆ ಬೆಳೆಯುವದು. ಆಂಗ್ಲ ಪಂಡಿತನಾದ ಆಲ್ಫ್ರೆಡ್ ಮಾರ್ಷಲ್ಲನು 1890ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರ ಗ್ರಂಥದಲ್ಲಿ ಇಂತಹ ಎರಡು ಬಗೆಯ ವೆಚ್ಚಗಳನ್ನು ಬೇರ್ಪಡಿಸಿ ವಿವರಿಸಿರುವನು.

ದೃಷ್ಟಾಂತಕ್ಕಾಗಿ, ಹಂಗಾಮಿನ ಬಾಡಿಗೆ 60,000 ರೂಪಾಯಿ, ಒಂದು ಕೊಪ್ಪರಿಗೆಯ ವೆಚ್ಚ 4,000, ಅದರ ಬೆಲ್ಲದ ಬೆಲೆ 5,000 ಎಂದು ಭಾವಿಸಿರಿ. 100 ಕೊಪ್ಪರಿಗೆ ಇಳಿಸಿದವನಿಗೆ 40,000 ಉಳಿಯುವದು. ಅಷ್ಟರಲ್ಲಿ ಒಣಗಿದ ಕಬ್ಬಿನ ಸಿಪ್ಪೆ ತೀರುವದು; ಕಟ್ಟಿಗೆಯನ್ನು ಕೊಳ್ಳಬೇಕು, ಆಳುಗಳನ್ನು ಇರುಳೂ ದುಡಿಸಬೇಕು; ಮುಂದಿನ ಒಂದೊಂದಕ್ಕೆ 5,200 ತಗಲುವದು. ಲೋಭಿಯು 120ರ ವರೆಗೆ ನಡೆಯುವನು. ಸರಾಸರಿ ವೆಚ್ಚವು 4,700 ಮಾತ್ರವೆಂದು ಹಿಗ್ಗುವನು. ಆದರೆ ಉಳಿದುದು 36,000! ಇಪ್ಪತ್ತು ಕೊಪ್ಪರಿಗೆಗಳ ಬೆವರು 4,000 ರೂಪಾಯಿಯನ್ನು ನುಂಗಿಹೋಯಿತು. ಸರಾಸರಿಯು ಕಡೆಯ ಕೊಪ್ಪರಿಗೆಯ ನಷ್ಟವನ್ನು ಮರೆಮಾಡುವದು.

ಇನ್ನು ಬೆಲೆಯು 4,300ಕ್ಕೆ ಇಳಿಯಿತೆನ್ನಿರಿ. ಭೀತನು ಒಡನೆಯೇ ಒಲೆಯನ್ನು ಆರಿಸಿದರೆ 60,000ವೂ ಹೋಗುವದು. ಧೀರನು 100 ಕೊಪ್ಪರಿಗೆ ಇಳಿಸಿದರೆ ಒಂದೊಂದರಿಂದ 300 ದೊರೆತು ನಷ್ಟವು 30,000ಕ್ಕೆ ನಿಲ್ಲುವದು. ಬೆಲೆಯು 4,000ಕ್ಕೂ ಕೆಳಗಿಳಿದರೆ ಮಾತ್ರ ಒಲೆಯನ್ನು ಆರಿಸುವದೇ ಲೇಸು. ಬೆಲೆಯು ಏರುವ ನಂಬಿಕೆ ಇಲ್ಲದಿದ್ದರೆ ಮುಂದಿನ ಹಂಗಾಮಿಗೆ ಬಾಡಿಗೆಯನ್ನೇ ಹಿಡಿಯಬಾರದು. ಕಡಿದ ಕಬ್ಬು ಕಾಯುವದಿಲ್ಲ, ಅದರ ರಸವು ಕೆಡುವದು. ಆದುದರಿಂದ ಕುಡುಗೋಲನ್ನು ಎತ್ತುವ ಮೊದಲೇ ಈ ವಿಚಾರವಾಗಬೇಕು.

ಲಕ್ಕಮ್ಮನ ಅಳತೆಯು ಲಾಭದ್ದಲ್ಲ, ಅಗತ್ಯದ್ದು. ಪೇಟೆಯ ಅಳತೆಯು ಬೇರೆ. ಆದರೂ ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಇನ್ನೊಂದು ಹಿಡಿ ಏತಕ್ಕೆ? ಇದನ್ನು ಕೇಳದವನು ಆಳಿನ ನಿದ್ದೆಯನ್ನೂ ಮನೆಯ ಗಂಟನ್ನೂ ಒಲೆಗೆ ಹಾಕುವನು. ದಾಸೋಹಕ್ಕೆ ಅವನಲ್ಲಿ ಏನೂ ಉಳಿಯದು. ಲೆಕ್ಕವನ್ನು ಅರಿತು ಮಾಡಿದ ಕಾಯಕದಿಂದಲೇ ದಾಸೋಹವು ನಿಲ್ಲುವದು.