‘ಹಲೋ’ ಎಂದ ಮೇಲೆ



ನಾವು ಬ್ಯಾಂಕಿನ ಗುಮಾಸ್ತರು. ಲೆಕ್ಕ ಬರೆಯುವುದರ ನಡುನಡುವೆ ದಿನಕ್ಕೆ ಎಷ್ಟು ಬಾರಿ ‘ಹಲೋ’ ಎನ್ನುತ್ತೇವೆಯೋ ಅದರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಆ ಮಾತಿನ ಅರ್ಥವೇನೆಂದು ಕೇಳಿದರೆ ‘ನಮಸ್ಕಾರ’ ಎಂದು ಉತ್ತರಿಸುವವರೇ ಹೆಚ್ಚು. ಆದರೆ ಹುಟ್ಟಿನಿಂದ ಅದೊಂದು ಕೂಗು.

ದೂರದವರನ್ನು ಕರೆಯಲು, ಬೇಟೆನಾಯಿಗಳನ್ನು ಹುರಿದುಂಬಿಸಲು ಇಂಗ್ಲಿಷರು ಹಾಕುತ್ತಿದ್ದ ‘ಹಲ್ಲೊ’, ‘ಹೊಲ್ಲೊ’ ಎಂಬ ಹಳೆಯ ಕೂಗುಗಳ ಬಳಗಕ್ಕೆ ಅದು ಸೇರಿದ್ದು. ಅನಿರೀಕ್ಷಿತವಾದುದನ್ನು ಕಂಡಾಗಲೂ ಹಾಗೆಯೇ ಉದ್ಗರಿಸುತ್ತಿದ್ದರು. ನಮ್ಮ ‘ಓಯ್’, ‘ಅರೆರೆ’ಗಳ ದಾಯಾದಿ ಎನ್ನೋಣ.

1876ರಲ್ಲಿ ಗ್ರಹಾಂ ಬೆಲ್ಲರು ಟೆಲಿಫೋನಿಗೆ ಪೇಟೆಂಟು ಪಡೆದರು. ಮಾತಿಗೆ ಮೊದಲು ಏನೆಂದು ಕರೆಯಬೇಕು? ಬೆಲ್ಲರಿಗೆ ಒಪ್ಪಿಗೆಯಾದದ್ದು ನಾವಿಕರ ‘ಅಹಾಯ್’. ಎಡಿಸನ್ನರು 1877ರ ಆಗಸ್ಟ್ 15ರ ಕಾಗದದಲ್ಲಿ, ‘ಹಲೋ’ ಎಂದರೆ 10-20 ಅಡಿ ದೂರಕ್ಕೂ ಕೇಳಿಸುತ್ತದೆ, ಕರೆಗಂಟೆಯೇ ಬೇಕಿಲ್ಲ ಎಂದು ಬರೆದರು. ಗೆದ್ದದ್ದು ಎಡಿಸನ್ನರ ಮಾತೇ.

ಇಂದು ಅದಕ್ಕೆ ಅರ್ಥಗಳು ಹಲವು. ಫೋನಿನಲ್ಲಿ ಮಾತು ತಡವರಿಸಿದಾಗ ‘ಹಲೋ, ಹಲೋ’ ಎಂದರೆ ‘ಕೇಳಿಸುತ್ತಿದೆಯೇ?’ ಎಂದು. ಸಾಲಿನಲ್ಲಿ ನುಸುಳಿದವನಿಗೆ ಎಳೆದು ಹೇಳಿದ ‘ಹಲೋ’ ಗದರಿಕೆ. ಗೆಳೆಯನಿಗೆ ಹೇಳಿದರೆ ಅದು ಕುಶಲಪ್ರಶ್ನೆ.

ಈ ಕೂಗಿಗೆ ಹಿರಿಯ ಕಿರಿಯರೆಂಬ ಭೇದವಿಲ್ಲ. ಮುಖ ಕಾಣದ ಫೋನಿನಲ್ಲಿ ಅದೇ ಅದರ ದೊಡ್ಡ ಗುಣ. ಕನ್ನಡದಲ್ಲಿ ಕರೆಯಬೇಕಾದರೆ ಆಚೆಗಿರುವವರು ನಮಗೇನಾಗಬೇಕೆಂಬುದು ತಿಳಿದಿರಬೇಕು. ‘ಏನ್ರೀ’ ಎನ್ನುವುದೋ, ‘ಏನಪ್ಪಾ’ ಎನ್ನುವುದೋ, ನಮ್ಮ ಕರಾವಳಿಯವರಂತೆ ‘ಎಂತ ಮಾರಾಯ್ರೆ’ ಎನ್ನುವುದೋ?

ಆದುದರಿಂದ ‘ಹಲೋ’ವನ್ನು ಓಡಿಸಿರೆಂದು ನಾವು ಹೇಳುವುದಿಲ್ಲ. ಅದು ಬಾಗಿಲು ತಟ್ಟುವ ಸದ್ದು. ಬಾಗಿಲು ತೆರೆದ ಮೇಲೂ ತಟ್ಟುತ್ತಲೇ ನಿಲ್ಲುವರೇ? ಈ ಮುಂಬಯಿಯ ನಮ್ಮ ಮನೆಗಳಲ್ಲಿ ಊರಿನಿಂದ ಅಜ್ಜಿಯ ಫೋನು ಬಂದರೆ, ಮಗು ‘ಹಲೋ’ ಎಂದು ತಾಯಿಯ ಕೈಗೆ ಫೋನು ಕೊಟ್ಟು ಓಡಿಬಿಡುತ್ತದೆ. ಮುಂದಿನ ಮಾತಿಗೆ ಅದರ ಬಳಿ ಕನ್ನಡವಿಲ್ಲ. ಆಚೆ ಕಡೆ ಅಜ್ಜಿ ಕಾಯುತ್ತಿರುವುದು ಆ ಮುಂದಿನ ಮಾತಿಗೇ.

ಮಕ್ಕಳಿಗೆ ಒಮ್ಮೆಲೇ ವ್ಯಾಕರಣ ಕಲಿಸುವುದು ಬೇಡ. ‘ಅಜ್ಜೀ, ಊಟ ಆಯ್ತಾ?’ ಎಂಬ ಮೂರು ಮಾತು ಕಲಿಸೋಣ. ಅಜ್ಜಿ ಉತ್ತರಿಸುತ್ತಾಳೆ, ಮರುಪ್ರಶ್ನೆ ಹಾಕುತ್ತಾಳೆ; ಉಳಿದ ಕನ್ನಡವನ್ನು ಅವಳೇ ಕಲಿಸುತ್ತಾಳೆ. ಈ ರಾಜ್ಯೋತ್ಸವದ ದಿನ ಮನೆಗೆ ಹೋದೊಡನೆ ಊರಿಗೊಂದು ಫೋನು ಮಾಡೋಣ, ಮೊದಲು ಮಗುವಿನ ಕೈಗೇ ಕೊಡೋಣ.