ಹಂಗಿಲ್ಲದ ಅನ್ನ
ಮುಂದೆ 'ಸಾಮಾಜಿಕ ಒಪ್ಪಂದ' ಬರೆದ ದಾರ್ಶನಿಕ ರೂಸೋ ಪ್ಯಾರಿಸಿನಲ್ಲಿ ಹೊಟ್ಟೆ ಹೊರೆದದ್ದು ಸಂಗೀತದ ಹಾಳೆಗಳನ್ನು ನಕಲು ಮಾಡಿ. ಪುಟಕ್ಕಿಷ್ಟು ಎಂದು ಕೂಲಿ. ಕೈಯೇನೂ ಚುರುಕಲ್ಲ; ತಪ್ಪಾದ ಸ್ವರಗಳನ್ನು ಕೆರೆದು ಕೆರೆದು ಅಳಿಸುವುದರಲ್ಲೇ ಹೊತ್ತು ಹೋಗುತ್ತಿತ್ತೆಂದು ಆತ್ಮಕಥೆಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ.

1752ರಲ್ಲಿ ಅವನ ಗೀತನಾಟಕವೊಂದು ಫಾಂಟೇನ್‌ಬ್ಲೋ ಅರಮನೆಯಲ್ಲಿ ಹದಿನೈದನೇ ಲೂಯಿಯ ಮುಂದೆ ನಡೆಯಿತು. ದೊರೆ ಮೆಚ್ಚಿದ. ಮರುದಿನ ಭೇಟಿಗೆ ಕರೆ ಬಂತು. ಪಿಂಚಣಿಯ ಮಾತೂ ಇತ್ತು. ರೂಸೋ ಬೆಳಗಾಗುತ್ತಲೇ ಊರು ಬಿಟ್ಟ! ಮೂತ್ರದ ಕಾಯಿಲೆಯಿಂದ ದರ್ಬಾರಿನಲ್ಲಿ ಮಾನ ಹೋದೀತೆಂಬ ಅಂಜಿಕೆ ಒಂದು. ದೊರೆಯ ಹಂಗಿಗೆ ಬಿದ್ದ ಮೇಲೆ ನಿಜ ನುಡಿಯಲಾದೀತೇ ಎಂಬುದು ಇನ್ನೊಂದು. ಮೊದಲನೆಯದನ್ನು ಮುಚ್ಚಿಡದೆ ಬರೆದನಲ್ಲ, ಅದಕ್ಕೇ ಎರಡನೆಯದನ್ನೂ ನಾನು ನಂಬುತ್ತೇನೆ.

ಗೆಳೆಯ ದಿದರೋ ಮಾತ್ರ ರೇಗಿದ: ನಿನ್ನನ್ನೇ ನಂಬಿರುವ ಸಂಗಾತಿ ತೆರೇಸ್, ಅವಳ ತಾಯಿ, ಅವರ ಗತಿಯೇನು? ಅದೂ ಸಣ್ಣ ಪ್ರಶ್ನೆಯಲ್ಲ.